ಒಣಗಿಸುವವರ ಲೆಕ್ಕ

ಗಾಂಜಾ ಹೂವನ್ನು ಕೊಯ್ದ ಮೇಲೆ ನೆರಳಲ್ಲಿ ನೇತುಹಾಕಿ ಒಂದೆರಡು ವಾರ ನಿಧಾನಕ್ಕೆ ಒಣಗಿಸುತ್ತಾರಂತೆ. ಆಮೇಲೆ ಗಾಜಿನ ಡಬ್ಬಿಗೆ ತುಂಬಿ, ಆಗಾಗ ಮುಚ್ಚಳ ತೆಗೆದು ಗಾಳಿಯಾಡಿಸಿ ಹದ ಮಾಡುತ್ತಾರೆ. ಅವಸರ ಮಾಡಿದರೆ ಘಮ ಹೋಗುತ್ತೆ, ಹಸಿ ಉಳಿದರೆ ಬೂಷ್ಟು ಹಿಡಿಯುತ್ತೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ಬಂದಾಗ, ಇದೆಲ್ಲ ನನಗೆ ಗೊತ್ತಿರೋ ಕೆಲಸವೇ ಅನ್ನಿಸಿತು. ಗುಬ್ಬಿ ತಾಲೂಕಿನ ನಮ್ಮ ಮನೇಲೂ ಅಡಿಕೆ ಸುಲಿದು, ಚೊಗರಲ್ಲಿ ಬೇಯಿಸಿ, ಬಿಸಿಲಿಗೆ ಹರಡುತ್ತಿದ್ದೆವು. ಮೋಡ ಕಂಡರೆ ಅದೇ ಬೂಷ್ಟಿನ ಭಯ. ಒಣಗಿದ ಮೂಟೆಗಳು ತುಮಕೂರಿನ ಬಟವಾಡಿ ಎಪಿಎಂಸಿ ಯಾರ್ಡಿಗೆ ಹೋಗುತ್ತಿದ್ದವು. ಆ ದುಡ್ಡಲ್ಲೇ ನಾನು ಬಿಇ ಓದಿದ್ದು.

ಎರಡೂ ಬೆಳೆಯೇ, ಎರಡಕ್ಕೂ ಬೇಕಾದ್ದು ತಾಳ್ಮೆಯೇ. ಆದರೆ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಬೆಳೆದವನಿಗೆ 10 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಅದೇ ಕಾಯ್ದೆ ಹೂ ಬಿಟ್ಟ ತುದಿಯನ್ನು ಮಾತ್ರ ಗಾಂಜಾ ಅನ್ನುತ್ತೆ. ತುದಿಯಿಂದ ಬೇರೆಯಾದ ಎಲೆ ಆ ಲೆಕ್ಕಕ್ಕೆ ಬರಲ್ಲ. ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯಡಿ ನಿಷೇಧಿತ ಅಲ್ಲ ಅಂತ 2022ರಲ್ಲಿ ಕರ್ನಾಟಕ ಹೈಕೋರ್ಟೇ ಹೇಳಿತು. ಗಿಡ ಒಂದೇ, ತುದಿಗೊಂದು ನ್ಯಾಯ, ಎಲೆಗೊಂದು ನ್ಯಾಯ.

ಇನ್ನು ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ, ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದಿತು. ತಂಬಾಕನ್ನು ಇಟ್ಟ ಗುಂಪಿನಲ್ಲೇ ಅಡಿಕೆಯನ್ನೂ ಇಟ್ಟಿತು. ವರ್ಷಗಟ್ಟಲೆ ಜಗಿದು ಬಾಯಿ ಬಿಗಿದು, ತುತ್ತು ಇಡೋಕೂ ಆಗದವರಿದ್ದಾರೆ.

ಅಪ್ಪನಿಗೆ ಇದನ್ನ ಹೇಳಿದರೆ, "ನಾವು ಬೆಳೀತೀವಿ ಕಣೋ, ತಿನ್ನೋದು ಬಿಡೋದು ಅವರಿಷ್ಟ" ಅನ್ನುತ್ತಾರೆ. ಸರಿಯಾದ ಮಾತೇ. ಆದರೆ ಗಾಂಜಾ ಬೆಳೆದವನೂ ಇದೇ ಮಾತು ಆಡಬಹುದಲ್ಲ? ಅವನ ಬಾಯಲ್ಲಿ ಅದು ನೆಪ, ಅಪ್ಪನ ಬಾಯಲ್ಲಿ ನ್ಯಾಯ ಹೇಗಾಗುತ್ತೆ? ಹಾಗಂತ ಗಾಂಜಾ ನಿರಪಾಯ ಅಂತ ನಾನು ಹೇಳ್ತಿಲ್ಲ. ಹರೆಯದ ಹುಡುಗರ ಮನಸ್ಸಿಗೆ ಅದು ಮಾಡೋ ಹಾನಿ ಚಿಕ್ಕದಲ್ಲ. ನಾನು ಹೇಳೋದಿಷ್ಟೇ: ಯಾರನ್ನು ಜೈಲಿಗೆ ಹಾಕಬೇಕು ಅನ್ನೋದನ್ನ ಕಾನೂನು ಹೇಳುತ್ತೆ. ನನ್ನ ಅನ್ನದಿಂದ ಯಾರಿಗೆ ಏನಾಯ್ತು ಅನ್ನೋ ಲೆಕ್ಕ ಅದು ಬರೆದುಕೊಡಲ್ಲ, ನಾವೇ ಬರೆದುಕೊಳ್ಳಬೇಕು. ಬೆಟ್ಟಿಂಗ್ ಆ್ಯಪಿಗೋ ಸಾಲದ ಆ್ಯಪಿಗೋ ಕೋಡ್ ಬರೆಯುವ ನನ್ನಂಥವರಿಗೂ ಈ ಮಾತು ಸಲ್ಲುತ್ತೆ.

ಅಡಿಕೆ ತೋಟ ಕಡಿಯೋಣ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಸುಲಿಯೋಕೆ ಬರುವ ಹೆಂಗಸರ ಮನೆ ಒಲೆಯೂ ಅದರಿಂದಲೇ ಉರಿಯೋದು. ಆದರೆ ಈಗ ಬಿದ್ದ ಮರದ ಜಾಗಕ್ಕೆ ಹೊಸ ಅಡಿಕೆ ಸಸಿ ಬೇಡ, ತೆಂಗು ಇಡೋಣ ಅಂದಿದ್ದೀನಿ. ಅಪ್ಪ ಇನ್ನೂ ಹೂಂ ಅಂದಿಲ್ಲ. "ಅಡಿಕೆ ರೇಟು ಗೊತ್ತೇನೋ ನಿಂಗೆ?" ಅಂತಷ್ಟೇ ಕೇಳಿದ್ರು. ಗೊತ್ತು. ಅದಕ್ಕೇ ಈ ಪ್ರಶ್ನೆ ಇಷ್ಟು ಕಷ್ಟ.