ನಿಷ್ಠೆ ಎಲ್ಲಿ ಸಲ್ಲುವುದು?

ಫಲವನ್ನು ಎಣಿಸದೆ ಒಂದರಲ್ಲಿ ಮನಸ್ಸನ್ನು ನೆಟ್ಟು ನಿಲ್ಲುವುದು ನಮ್ಮ ಪರಂಪರೆಯು ಮನುಷ್ಯನಲ್ಲಿ ಬಹಳವಾಗಿ ಗೌರವಿಸಿದ ಗುಣ. ಬೇಡಿದುದನ್ನು ಕೊಡಲಿ ಕೊಡದಿರಲಿ, ಸುಖವನ್ನೇ ಕಳುಹಲಿ ದುಃಖವನ್ನೇ ಕಳುಹಲಿ, ಸ್ವಾಮಿಯ ಪಾದವನ್ನು ಬಿಡೆನೆಂಬ ಛಲವೇ ಭಕ್ತಿಯ ಜೀವಾಳವೆಂದು ಆಳ್ವಾರರೂ ಶರಣರೂ ದಾಸರೂ ತಮ್ಮ ತಮ್ಮ ದಾರಿಯಲ್ಲಿ ಸಾರಿದ್ದಾರೆ. ಆದರೆ ಈ ಗುಣವು ಬಾಳಿನ ಎಲ್ಲ ಕ್ಷೇತ್ರಗಳಲ್ಲಿಯೂ ಗುಣವಾಗಿಯೇ ಉಳಿಯುವುದೆ, ಅಥವಾ ಗರ್ಭಗುಡಿಯ ಮುಂದೆ ಪುಣ್ಯವೆನಿಸಿದುದು ಮತಗಟ್ಟೆಯ ಮುಂದೆ ದೋಷವಾಗಿ ಪರಿಣಮಿಸುವುದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಕನ್ನಡ ನಾಡನ್ನೂ ತಮಿಳು ನಾಡನ್ನೂ ಒಟ್ಟಿಗೆ ಇರಿಸಿಕೊಂಡು, ಅವುಗಳ ಜನ ಆಟದ ಬಯಲಿನಲ್ಲಿ ಹೇಗೆ ನಡೆದುಕೊಳ್ಳುವರು, ಚುನಾವಣೆಯಲ್ಲಿ ಹೇಗೆ ನಡೆದುಕೊಳ್ಳುವರು ಎಂಬುದನ್ನು ನೋಡಿದಾಗ ಈ ಪ್ರಶ್ನೆ ಬರಿಯ ತರ್ಕವಾಗಿ ಉಳಿಯದೆ ರಕ್ತಮಾಂಸಗಳನ್ನು ಪಡೆಯುತ್ತದೆ.

ಬೆಂಗಳೂರಿನ ಐಪಿಎಲ್ ತಂಡವು 2008ರಲ್ಲಿ ಕಣಕ್ಕಿಳಿದು, 2009, 2011 ಮತ್ತು 2016ರಲ್ಲಿ ಅಂತಿಮ ಪಂದ್ಯದವರೆಗೆ ಹೋಗಿ ಸೋತು, 2017ರಲ್ಲಿ ಕೇವಲ 49 ರನ್ನುಗಳಿಗೆ ಕುಸಿದು, ಹದಿನೇಳು ಋತುಗಳನ್ನು ಕಪ್ಪಿಲ್ಲದೆ ಕಳೆಯಿತು. ಆ ಹದಿನೇಳು ಋತುಗಳಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣವು, ಅಲ್ಲಿ ಜನರೆದುರು ಪಂದ್ಯ ನಡೆದಾಗಲೆಲ್ಲ, ಬರಿದಾಗಲಿಲ್ಲ. ಬರಬರುತ್ತ ಪ್ರತಿ ಬೇಸಿಗೆಯಲ್ಲಿಯೂ ‘ಈ ಸಲ ಕಪ್ ನಮ್ದೇ’ ಎಂಬ ಕೂಗು ಹೊಸದಾಗಿ ಹುಟ್ಟಿತು. ಸೋಲು ಅಭಿಮಾನವನ್ನು ಕ್ಷಯಿಸುವ ಬದಲು ಬೆಳೆಸಿತೆಂಬುದನ್ನು ಕಂಡವರೆಲ್ಲರೂ ಬಲ್ಲರು.

ಇಷ್ಟು ಕಾಲ ಒಂದು ತಂಡವನ್ನು ಫಲವಿಲ್ಲದೆಯೂ ಹೊತ್ತ ಇದೇ ಜನ 1985ರಿಂದೀಚೆಗೆ ಆಳುವ ಯಾವ ಪಕ್ಷಕ್ಕೂ ವಿಧಾನಸಭೆಯಲ್ಲಿ ಮರಳಿ ಬಹುಮತವನ್ನು ಕೊಟ್ಟಿಲ್ಲ. ಆ 1985ರ ಕಥೆಯೂ ನಿಷ್ಠೆಯ ಕಥೆಯಲ್ಲ. 1984ರ ಡಿಸೆಂಬರಿನಲ್ಲಿ ಲೋಕಸಭೆಯ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಒಪ್ಪಿಸಿದ ಮತದಾರರು, ಆ ಸೋಲನ್ನು ತಮ್ಮ ಸರಕಾರದ ಮೇಲಣ ಅವಿಶ್ವಾಸವೆಂದೆಣಿಸಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ಪುನಃ ಜನರ ಮುಂದೆ ಬಂದಾಗ, ಮೂರು ತಿಂಗಳೊಳಗೆ 224ರಲ್ಲಿ 139 ಸ್ಥಾನಗಳನ್ನು ಜನತಾ ಪಕ್ಷಕ್ಕೆ ಕೊಟ್ಟರು. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಇನ್ನೊಬ್ಬರು ಎಂದು ಕೆಲಸವನ್ನು ನೋಡಿ ಆಳನ್ನು ಆರಿಸಿದ ಆ ತೀರ್ಮಾನದಲ್ಲಿ ಭಕ್ತಿಯ ಲೇಶವೂ ಇಲ್ಲ. ಅಲ್ಲಿರುವುದು ವ್ಯವಹಾರದ ವಿವೇಚನೆ.

ಗಡಿಯನ್ನು ದಾಟಿದೊಡನೆ ಚಿತ್ರವು ತಿರುಗುಮುರುಗಾಗುತ್ತದೆ. ಚಿತ್ರನಟರಾಗಿದ್ದ ಎಂ. ಜಿ. ರಾಮಚಂದ್ರನ್ (ಎಂಜಿಆರ್) ಅವರು 1977, 1980 ಮತ್ತು 1984ರಲ್ಲಿ ಒಂದರ ಹಿಂದೊಂದಾಗಿ ಮೂರು ಸಲ ಗೆದ್ದರು. ಮೂರನೆಯ ಸಲ ಅವರು ಅಮೆರಿಕದ ಬ್ರೂಕ್ಲಿನ್ನಿನ ಆಸ್ಪತ್ರೆಯಲ್ಲಿ ಮಲಗಿದ್ದರು, ಪ್ರಚಾರಕ್ಕೆ ಒಂದು ದಿನವೂ ಬರಲಿಲ್ಲ. ಕಣ್ಣೆದುರಿಗೆ ಇಲ್ಲದವನಿಗೆ, ಮಾತನಾಡಲೂ ಆಗದವನಿಗೆ ಲಕ್ಷಾಂತರ ಜನ ಮತವಿತ್ತರೆಂಬುದನ್ನು ರಾಜ್ಯಶಾಸ್ತ್ರದ ಪರಿಭಾಷೆಯಿಂದ ಪೂರ್ತಿ ವಿವರಿಸಲಾಗದು. ಅದಕ್ಕೆ ಸಗುಣೋಪಾಸನೆಯ ಭಾಷೆಯೇ ಬೇಕು.

ಇಂಥ ಜನ ಆಟವನ್ನು ನೋಡುವ ಬಗೆಯಾದರೋ ಬೇರೆ. 1999ರ ಜನವರಿಯಲ್ಲಿ ಚೆನ್ನೈಯ ಚೆಪಾಕಿನಲ್ಲಿ ಪಾಕಿಸ್ತಾನದ ವಿರುದ್ಧ ಗೆಲ್ಲಲು ಭಾರತಕ್ಕೆ 271 ರನ್ನುಗಳು ಬೇಕಿದ್ದುವು. ಸಚಿನ್ ತೆಂಡೂಲ್ಕರ್ ಬೆನ್ನುನೋವನ್ನು ಸಹಿಸಿಕೊಂಡು 136 ರನ್ನುಗಳನ್ನು ಗಳಿಸಿ, ಗೆಲುವು ಕೈಗೆಟುಕುವಷ್ಟು ಸಮೀಪಿಸಿದಾಗ ಔಟಾದರು. ಉಳಿದ ಮೂರು ವಿಕೆಟ್ಟುಗಳು ನಾಲ್ಕು ರನ್ನುಗಳೊಳಗೆ ಉರುಳಿದುವು. 12 ರನ್ನುಗಳಿಂದ ಭಾರತ ಸೋತಿತು. ಆಗ ನೆರೆದ ಜನಸ್ತೋಮವು, ಬಯ್ಯದೆ, ಬಾಟಲಿಗಳನ್ನೆಸೆಯದೆ, ಎದ್ದುನಿಂತು ಕೈತಟ್ಟಿತು. ಪಾಕಿಸ್ತಾನದ ಆಟಗಾರರು ಆ ಕರತಾಡನದ ನಡುವೆ ಮೈದಾನವನ್ನು ಒಂದು ಸುತ್ತು ಬಂದರು. ಕಾರ್ಗಿಲಿನ ಯುದ್ಧಕ್ಕೆ ಆಗ ಕೆಲವೇ ತಿಂಗಳುಗಳಿದ್ದುವೆಂಬುದನ್ನು ನೆನೆದರೆ ಆ ಕ್ಷಣದ ಬೆಲೆ ಇನ್ನೂ ಹೆಚ್ಚುತ್ತದೆ. ನಾನು ಕ್ರೀಡೆಯ ಇತಿಹಾಸದಲ್ಲಿ ಪ್ರೇಕ್ಷಕನ ಧರ್ಮಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ಕಾಣೆ.

ಈ ವೈಪರೀತ್ಯಕ್ಕೆ ಕಾರಣವೇನು? ಎರಡು ನಾಡುಗಳಲ್ಲಿ ರಾಜಕೀಯವು ಹುಟ್ಟಿದ ಬಗೆಯಲ್ಲಿ ಅದರ ಒಂದಂಶವಾದರೂ ಇದೆಯೆಂದು ನನ್ನ ಎಣಿಕೆ. ಹಳೆಯ ಮೈಸೂರಿನಲ್ಲಿ 1881ರಷ್ಟು ಹಿಂದೆಯೇ ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಏರ್ಪಟ್ಟಿತು. ಊರಿನವರು ಬಂದು ಕೆರೆಯ ವಿಷಯ, ಕಂದಾಯದ ವಿಷಯಗಳನ್ನು ದಿವಾನರಿಗೆ ಅರಿಕೆ ಮಾಡಿಕೊಳ್ಳುವ ಸ್ಥಳವದು. ರಾಜಕೀಯವೆಂದರೆ ಆಡಳಿತ, ಆಡಳಿತವೆಂದರೆ ಕೆಲಸ, ಕೆಲಸ ಆಗದಿದ್ದರೆ ಬೇರೊಬ್ಬರು ಎಂಬ ಭಾವ ಅಲ್ಲಿಂದ ಬೇರುಬಿಟ್ಟಿರಬೇಕು. ಮದರಾಸಿನ ಕಡೆ 1916ರ ಅನಂತರದ ಜಸ್ಟಿಸ್ ಪಕ್ಷ, 1925ರ ಆತ್ಮಗೌರವ ಚಳವಳಿ ಇವು ಕೇಳಿದುದು ಕೆರೆಕಾಲುವೆಗಳನ್ನಲ್ಲ. ತಲೆಯೆತ್ತಿ ನಡೆಯುವ ಮನುಷ್ಯತ್ವವನ್ನು. ಮನುಷ್ಯತ್ವವನ್ನು ದೊರಕಿಸಿಕೊಟ್ಟವನನ್ನು ಜನ ಗುಮಾಸ್ತನಂತೆ ಕಾಣಲಾರರು. ದೇವರನ್ನೇ ನಿರಾಕರಿಸಿದ ಪೆರಿಯಾರರ ಚಳವಳಿಯ ನೆಲದಲ್ಲಿ ನಾಯಕಭಕ್ತಿಯು ಇಷ್ಟು ಹುಲುಸಾಗಿ ಬೆಳೆದುದು, ಮಾನವಹೃದಯದಲ್ಲಿ ಪೂಜೆಯ ಹಂಬಲವು ಎಷ್ಟು ಆಳವಾದುದೆಂಬುದಕ್ಕೆ ಸಾಕ್ಷಿ.

ಕನ್ನಡದಲ್ಲಿ ಅಂಥ ಹಂಬಲವಿಲ್ಲವೆಂದಲ್ಲ. ಡಾ. ರಾಜ್‌ಕುಮಾರ್ ಅವರನ್ನು ಜನ ಯಾವ ತಮಿಳು ನಟನಿಗೂ ಕಡಿಮೆಯಿಲ್ಲದಂತೆ ಆರಾಧಿಸಿದರು. ಅವರಾದರೋ ಪ್ರೇಕ್ಷಕರನ್ನೇ ‘ಅಭಿಮಾನಿ ದೇವರುಗಳು’ ಎಂದು ಕರೆದರು. ಗೋಕಾಕ್ ಚಳವಳಿಗೆ ಧುಮುಕಿ ನಾಡನ್ನೆಲ್ಲ ಸುತ್ತಿದರೂ ಮತವನ್ನು ಕೇಳಲಿಲ್ಲ, ಅಧಿಕಾರವನ್ನು ಬಯಸಲಿಲ್ಲ. ಆರಾಧ್ಯನೇ ಆರಾಧಕನಿಗೆ ಕೈಮುಗಿದು ಸಿಂಹಾಸನದಿಂದ ದೂರ ಸರಿದುನಿಂತ ಈ ನಡತೆಯು ಕರ್ನಾಟಕದ ರಾಜಕೀಯಕ್ಕೆ ಮಾಡಿದ ಉಪಕಾರವನ್ನು ನಾವು ಇನ್ನೂ ಸರಿಯಾಗಿ ಅಳೆದಿಲ್ಲ.

ಇಷ್ಟರಿಂದ ಕನ್ನಡಿಗನದು ವಿವೇಕ, ತಮಿಳನದು ಮೌಢ್ಯ ಎಂದು ತೀರ್ಪು ಕೊಡುವುದು ಅನ್ಯಾಯವಾದೀತು. ಭಕ್ತಿಯು ಭಕ್ತನನ್ನು ಮಾತ್ರವೇ ಕಟ್ಟುವುದಿಲ್ಲ, ಸ್ವಾಮಿಯನ್ನೂ ಕಟ್ಟುತ್ತದೆ. ಕಾಮರಾಜರ ಕಾಲದ ಶಾಲೆಯ ಊಟವನ್ನು 1982ರಲ್ಲಿ ಎಂಜಿಆರ್ ರಾಜ್ಯದಾದ್ಯಂತ ವಿಸ್ತರಿಸಿದುದು, ತನ್ನನ್ನು ನಂಬಿದ ಬಡತಾಯಂದಿರ ಮಕ್ಕಳು ಹಸಿದಿರಲಾಗದೆಂಬ ಋಣಭಾವವಿಲ್ಲದೆ ನಡೆಯುವ ಕಾರ್ಯವಲ್ಲ. ಅಲ್ಲಿನ ಭಕ್ತರು ಕಣ್ಣುಮುಚ್ಚಿಯೇ ಇರುವವರೂ ಅಲ್ಲ: 1996ರಲ್ಲಿ ಜಯಲಲಿತಾ ಅವರ ಪಕ್ಷಕ್ಕೆ ಕೇವಲ ನಾಲ್ಕು ಸ್ಥಾನಗಳನ್ನು ಉಳಿಸಿ, ಬರ್ಗೂರಿನಲ್ಲಿ ಅವರನ್ನೇ ಸೋಲಿಸಿದರು. ಇತ್ತ ನಮ್ಮ ನಿರ್ಲಿಪ್ತತೆಯನ್ನು ಬಗೆದು ನೋಡಿದರೆ ಅದರೊಳಗೆ ಜಾತಿಯ ಲೆಕ್ಕವಿದೆ, ಹಣದ ಲೆಕ್ಕವಿದೆ, ಯಾರು ಬಂದರೂ ಅಷ್ಟೇ ಎಂಬ ಉದಾಸೀನವೂ ಇದೆ. ಐದು ವರ್ಷಕ್ಕೊಮ್ಮೆ ಆಳನ್ನು ಬದಲಿಸುವವನು ನಡುವಣ ಕಾಲದಲ್ಲಿ ಲೆಕ್ಕ ಕೇಳದಿದ್ದರೆ ಆ ಬದಲಾವಣೆಯನ್ನು ವಿವೇಕವೆನ್ನಲು ನನಗೆ ಮನಸ್ಸೊಪ್ಪದು.

ಎರಡು ನಾಡುಗಳೂ ತಮ್ಮ ತಮ್ಮ ನಿಷ್ಠೆಗೆ ತೆತ್ತ ಬೆಲೆ 2025ರಲ್ಲಿ ಭಯಂಕರವಾಗಿ ಗೋಚರಿಸಿತು. ಬೆಂಗಳೂರಿನ ತಂಡವು ಜೂನ್ 3ರಂದು ಕೊನೆಗೂ ಕಪ್ಪನ್ನು ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ ನೂಕುನುಗ್ಗಲಿನಲ್ಲಿ 11 ಜನ ಪ್ರಾಣಬಿಟ್ಟರು. ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನಲ್ಲಿ, ಚಿತ್ರನಟರೊಬ್ಬರು ಕಟ್ಟಿದ ಪಕ್ಷದ ಸಭೆಯಲ್ಲಿ, 41 ಜನ ಮಡಿದರು. ಇಲ್ಲಿ ಆಟದ ಉತ್ಸವ, ಅಲ್ಲಿ ರಾಜಕೀಯದ ಸಭೆ. ಎರಡೂ ಕಡೆ ಪ್ರಿಯನಾದವನ ಮುಖವನ್ನು ಒಮ್ಮೆ ನೋಡಬೇಕೆಂದು ಬಂದವರು. ದೇವರ ರಥವನ್ನೆಳೆಯುವಲ್ಲಿಯೂ ಇಂಥ ಮರಣಗಳು ಆಗಿವೆಯಾದರೂ ಅಲ್ಲಿ ಜನಸಂದಣಿಯನ್ನು ನಡೆಸುವ ಶತಮಾನಗಳ ಕ್ರಮವೊಂದಿದೆ: ಯಾರು ಹಗ್ಗ ಹಿಡಿಯಬೇಕು, ಯಾರು ಸನ್ನೆ ಹಾಕಬೇಕು, ತೇರು ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಿದೆ. ಹೊಸ ದೈವಗಳು ಭಕ್ತರನ್ನು ಪಡೆದುವು. ಭಕ್ತರನ್ನು ಕಾಯುವ ಕ್ರಮವನ್ನು ಪಡೆಯಲಿಲ್ಲ.

ಆದರೆ ಇಂಥ ನಿಷ್ಠೆಯ ಅನನ್ಯತೆಯು ಪರದ್ವೇಷವಾಗಬೇಕಾಗಿಲ್ಲವೆಂಬುದಕ್ಕೆ ಈ ಎರಡು ನಾಡುಗಳ ನಡುವೆಯೇ ಪ್ರಮಾಣವಿದೆ. ಶ್ರೀರಂಗದಿಂದ ಹೊರಟುಬಂದ ರಾಮಾನುಜಾಚಾರ್ಯರಿಗೆ ಹೊಯ್ಸಳರ ನಾಡು ಆಶ್ರಯವಿತ್ತಿತು. ಮೇಲುಕೋಟೆಯಲ್ಲಿ ಇಂದಿಗೂ, ಮನೆಯಲ್ಲಿ ಬೀದಿಯಲ್ಲಿ ಕನ್ನಡವನ್ನಾಡುವವರೂ ಸೇರಿ, ಚೆಲುವನಾರಾಯಣನ ಸನ್ನಿಧಿಯಲ್ಲಿ ಆಳ್ವಾರರ ತಮಿಳು ಪಾಶುರಗಳನ್ನು ಗೋಷ್ಠಿಯಾಗಿ ಪಾರಾಯಣ ಮಾಡುತ್ತಾರೆ. ಆ ಮೇಲುಕೋಟೆಯಿರುವುದು ಕಾವೇರಿ ಹೋರಾಟದ ಕೇಂದ್ರವಾದ ಮಂಡ್ಯ ಜಿಲ್ಲೆಯಲ್ಲಿ. ನಾಲೆಯ ನೀರಿಗಾಗಿ ಹೆದ್ದಾರಿಯಲ್ಲಿ ಕುಳಿತ ರೈತರ ಜಿಲ್ಲೆಯಲ್ಲಿ ಆ ತಮಿಳು ಪಾರಾಯಣವು ಪರಕೀಯವೆನಿಸಲಿಲ್ಲ.

ಆಟದಲ್ಲಿಯೂ ಹೀಗೆಯೇ. ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯವು 1934ರ ನವೆಂಬರಿನಲ್ಲಿ ಚೆಪಾಕಿನಲ್ಲಿ ಮದರಾಸಿಗೂ ಮೈಸೂರಿಗೂ ನಡೆದು, ಮೈಸೂರು ಒಂದೇ ದಿನದಲ್ಲಿ ಸೋತಿತು. 2015ರ ಅಂತಿಮ ಪಂದ್ಯದಲ್ಲಿ ಕರುಣ್ ನಾಯರ್ 328 ರನ್ನುಗಳನ್ನು ಹೊಡೆದು ಕರ್ನಾಟಕವು ತಮಿಳುನಾಡನ್ನು ಇನ್ನಿಂಗ್ಸ್ ಅಂತರದಿಂದ ಸೋಲಿಸಿತು. ಎದುರಾಳಿ ದುರ್ಬಲನೆಂದು ಹಳಿದರೆ ಆ 328ರ ಬೆಲೆ ತಾನಾಗಿಯೇ ಇಳಿಯುವುದು. ಎದುರಾಳಿಯ ಶ್ರೇಷ್ಠತೆಯು ನಮ್ಮ ಸಂತೋಷದ ಒಂದಂಗ.

ಕಾವೇರಿಯ ವಿಷಯಕ್ಕೆ ಬಂದಾಗ ಮಾತ್ರ ಈ ಕ್ಷೇತ್ರಗಳ ಎಲ್ಲೆಗಳೆಲ್ಲ ಕಲಸಿಹೋಗುತ್ತವೆ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ನೋಂದಣಿಯ ಬಸ್ಸುಗಳು ಬೆಂಕಿಗೆ ಆಹುತಿಯಾದುವು. 2018ರ ಏಪ್ರಿಲಿನಲ್ಲಿ, ನೀರಿಗೆ ಹಾಹಾಕಾರವಿರುವಾಗ ಆಟ ಬೇಡವೆಂದು ಚೆಪಾಕಿನ ಮೈದಾನಕ್ಕೆ ಚಪ್ಪಲಿಗಳು ಬಿದ್ದು, ಚೆನ್ನೈ ತಂಡದ ಉಳಿದ ತವರುಪಂದ್ಯಗಳು ಪುಣೆಗೆ ಹೋದುವು; ಹತ್ತೊಂಬತ್ತು ವರ್ಷಗಳ ಹಿಂದೆ ಪಾಕಿಸ್ತಾನಕ್ಕೆ ಎದ್ದುನಿಂತು ಕೈತಟ್ಟಿದ ಸ್ಥಳವದು. 2018ರದೇ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿಯು ಬೆಂಗಳೂರಿನ ಕುಡಿಯುವ ನೀರಿಗೆಂದು ಸಂದಿತು. ಅದನ್ನು ಕುಡಿಯುವವರಲ್ಲಿ ತಲೆಮಾರುಗಳಿಂದ ಇಲ್ಲಿಯೇ ನೆಲಸಿದ ತಮಿಳು ಮನೆಗಳೂ ಬಹಳ. 1991ರಲ್ಲಿ, ಪುನಃ 2016ರಲ್ಲಿ, ನೀವು ಯಾರ ಕಡೆ ಎಂದು ಅವರನ್ನು ಅಡ್ಡಗಟ್ಟಿದವರು ಆಟದ ಪ್ರಶ್ನೆಯನ್ನು ನೀರಿನ ವ್ಯವಹಾರಕ್ಕೆ ಎಳೆದುತಂದರು. ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ: ಮಳೆ ಕೈಕೊಟ್ಟ ವರ್ಷದಲ್ಲಿ ಕೊರತೆಯನ್ನು ಯಾರು ಎಷ್ಟು ಹೊರಬೇಕು? ಅನುಪಾತದಂತೆ ಹಂಚಿಕೊಳ್ಳಬೇಕೆಂಬ ತತ್ತ್ವವನ್ನು ಕಾವೇರಿ ನ್ಯಾಯಮಂಡಲಿಯು 2007ರಲ್ಲಿಯೇ ಹೇಳಿತು. ಎರಡು ರಾಜ್ಯಗಳೂ ಒಪ್ಪಿದ ಲೆಕ್ಕಾಚಾರವೊಂದು ಅದಕ್ಕೆ ಇನ್ನೂ ದೊರೆತಿಲ್ಲ.