ಭಯದ ಮುನ್ಸೂಚನೆ

ಲೋಕದಲ್ಲಿ ಭಯವನ್ನು ಯಾರೂ ಬಯಸರು. ಅದೇ ಭಯವು ರಂಗದ ಮೇಲೋ ತೆರೆಯ ಮೇಲೋ ಬಂದಿತೆಂದರೆ ಹಣ ತೆತ್ತು ಹೋಗಿ ನೋಡುವರು. ಈ ವಿಪರೀತಕ್ಕೆ ಭಾರತೀಯ ಆಲಂಕಾರಿಕರು ಬಹುಕಾಲದ ಹಿಂದೆಯೇ ಸಮಾಧಾನ ಹೇಳಿರುವರು. ಆದರೆ ಅವರ ಕಾಲದಲ್ಲಿ ಇಲ್ಲದಿದ್ದ ಒಂದು ವಸ್ತು ಈಗ ಉಂಟು. ಭಯಾನಕ ಚಲಚ್ಚಿತ್ರವೊಂದು ಬರುವ ಮುನ್ನ ಅದರ ಸುಳಿವನ್ನು ಕೆಲವೇ ನಿಮಿಷಗಳಲ್ಲಿ ತೋರಿಸುವ ಟ್ರೇಲರೇ ಆ ವಸ್ತು. ಅದು ಕಲೆಯೂ ಹೌದು, ಅಂಗಡಿಯವನ ಕೂಗೂ ಹೌದು. ಅದರ ಗುಣವನ್ನು ಯಾವ ಅಳತೆಗೋಲಿನಿಂದ ಅಳೆಯತಕ್ಕದ್ದು? ನೋಡಿದವರು ಬೆಚ್ಚಿಬಿದ್ದರೆ ಸಾಕೆ?

ಸಾಲದು. ಭರತಮುನಿಯು ಭಯವನ್ನು ಭಯಾನಕರಸದ ಸ್ಥಾಯಿಭಾವವೆಂದು ಎಣಿಸಿ, ತ್ರಾಸವನ್ನು 33 ವ್ಯಭಿಚಾರಿಭಾವಗಳ ಸಾಲಿನಲ್ಲಿ ಬೇರೆಯಾಗಿ ಇರಿಸಿದನು. ಸಿಡಿಲು, ಉಲ್ಕಾಪಾತ, ಮೇಘಗರ್ಜನೆ ಮೊದಲಾದವು ತ್ರಾಸಕ್ಕೆ ಕಾರಣಗಳು. ತ್ರಾಸವು ಮೈಯನ್ನು ನಡುಗಿಸಿ ಕ್ಷಣದಲ್ಲಿ ಹೋಗುವುದು. ಭಯವು ಮನಸ್ಸಿನಲ್ಲಿ ನೆಲೆನಿಂತು ಬೆಳೆಯುವುದು. ನಿಶ್ಶಬ್ದದ ನಡುವೆ ಥಟ್ಟನೆ ಕರ್ಕಶಧ್ವನಿಯನ್ನೂ ವಿಕಾರಮುಖವನ್ನೂ ಒಡ್ಡುವ ಟ್ರೇಲರು ತ್ರಾಸವನ್ನು ಮಾತ್ರ ಹುಟ್ಟಿಸುವುದು. ಗಾಳಿಗೆ ಬಾಗಿಲು ದಡಾರನೆ ಬಡಿದರೂ ಅಷ್ಟು ಆಗುವುದು. ಈ ಭೇದವನ್ನು ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕನು 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರೂಫೋನೊಡನೆ ನಡೆಸಿದ ಸಂಭಾಷಣೆಯಲ್ಲಿ ತನ್ನದೇ ರೀತಿಯಲ್ಲಿ ವಿವರಿಸಿದನು. ಮೇಜಿನಡಿಯ ಬಾಂಬು ಯಾರಿಗೂ ತಿಳಿಯದೆ ಸಿಡಿದರೆ ಪ್ರೇಕ್ಷಕನಿಗೆ ದೊರೆಯುವುದು 15 ಸೆಕೆಂಡುಗಳ ಬೆರಗು. ಬಾಂಬಿರುವುದು ಪ್ರೇಕ್ಷಕನಿಗೆ ತಿಳಿದು ಮೇಜಿನ ಸುತ್ತ ಕುಳಿತವರಿಗೆ ತಿಳಿಯದಿದ್ದರೆ 15 ನಿಮಿಷಗಳ ತಳಮಳ.

ಆದುದರಿಂದ ಒಳ್ಳೆಯ ಟ್ರೇಲರು ಎಚ್ಚರಿಸಬೇಕಾದುದು ಶಂಕೆಯನ್ನು ಮತ್ತು ಔತ್ಸುಕ್ಯವನ್ನು. ಸ್ಟಾನ್ಲಿ ಕುಬ್ರಿಕನ ‘ದಿ ಶೈನಿಂಗ್’ (1980) ಚಿತ್ರದ ಮೊದಲ ಟ್ರೇಲರಿನಲ್ಲಿ ಒಬ್ಬ ಮನುಷ್ಯನೂ ಕಾಣಿಸುವುದಿಲ್ಲ. ಹೋಟೆಲೊಂದರ ಲಿಫ್ಟಿನ ಮುಚ್ಚಿದ ಬಾಗಿಲುಗಳು, ಅವುಗಳ ಮುಂದೆ ಕೆಲವು ಕುರ್ಚಿಗಳು, ಮೇಲಕ್ಕೆ ಸರಿಯುವ ಹೆಸರುಗಳು. ದೃಶ್ಯವು ಕದಲುವುದೇ ಇಲ್ಲ. ಕಡೆಗೆ ಬಾಗಿಲಿನ ಸಂದಿನಿಂದ ನೆತ್ತರು ಹೊಳೆಯಾಗಿ ಹರಿದುಬರುವುದು. ಆ ನೆತ್ತರು ಯಾರದು, ಏಕೆ ಬಂದಿತು ಎಂಬುದಕ್ಕೆ ಉತ್ತರವಿಲ್ಲ. ರಿಡ್ಲಿ ಸ್ಕಾಟನ ‘ಏಲಿಯನ್’ (1979) ಚಿತ್ರದ ಟ್ರೇಲರಿನಲ್ಲಿ ಮಾತೇ ಇಲ್ಲ. ಒಂದು ಮೊಟ್ಟೆ ಬಿರಿಯುವುದು, ಜನರು ಓಡುವರು, ಅವರು ಯಾವುದಕ್ಕೆ ಅಂಜಿ ಓಡುವರೋ ಆ ಜೀವಿಯ ಪೂರ್ಣರೂಪ ಮಾತ್ರ ಕಾಣದು. ಕಾಣದುದನ್ನು ಕಲ್ಪಿಸುವ ಕೆಲಸವು ಪ್ರೇಕ್ಷಕನ ಪಾಲಿಗೆ ಬರುವುದು; ಆ ಕಲ್ಪನೆಯು ಮನೆಯವರೆಗೂ ಅವನ ಹಿಂದೆ ಬರುವುದು.

ಹೀಗೆ ಬಚ್ಚಿಡುವುದು ವಂಚನೆಯಲ್ಲವೆ ಎಂದು ಕೆಲವರು ಕೇಳಬಹುದು. ಹಿಚ್‌ಕಾಕನ ‘ಸೈಕೋ’ (1960) ಚಿತ್ರದ ಟ್ರೇಲರು ಈ ಪ್ರಶ್ನೆಗೆ ತಕ್ಕ ಉದಾಹರಣೆ. ಅದು ಆರು ನಿಮಿಷಗಳಿಗೂ ಮೀರಿದ್ದು. ಹಿಚ್‌ಕಾಕನೇ ಊರು ತೋರಿಸುವ ಮಾರ್ಗದರ್ಶಿಯಂತೆ ಮನೆಯನ್ನೂ ವಸತಿಗೃಹವನ್ನೂ ಸುತ್ತಿ, ನಡೆದುದನ್ನು ಅರ್ಧ ಹೇಳಿ ಅರ್ಧ ನುಂಗಿಕೊಳ್ಳುವನು. ಕೊನೆಗೆ ಸ್ನಾನದ ಮನೆಯ ಪರದೆಯನ್ನು ಎಳೆದಾಗ ಹೆಂಗಸೊಬ್ಬಳು ಚೀರುವಳು. ಚಿತ್ರದಲ್ಲಿ ಆ ಸ್ಥಳದಲ್ಲಿ ಇರುವವಳು ಜಾನೆಟ್ ಲೀ. ಟ್ರೇಲರಿನಲ್ಲಿ ಚೀರುವವಳು ವೀರಾ ಮೈಲ್ಸ್. ಆದರೂ ಇದನ್ನು ವಂಚನೆಯೆನ್ನುವುದು ಕಷ್ಟ. ಯಾವ ಬಗೆಯ ಅನುಭವವನ್ನು ಕೊಡುವೆನೆಂದು ಮಾತು ಕೊಟ್ಟನೋ ಅದನ್ನು ಚಿತ್ರವು ಸಲ್ಲಿಸಿತು. ಕಥೆಯ ಗುಟ್ಟನ್ನು ಕಾಯುವುದು ಪ್ರೇಕ್ಷಕನಿಗೆ ಮಾಡುವ ಉಪಕಾರ. ಗುಟ್ಟನ್ನೆಲ್ಲ ಹೊರಗೆಡವುವ ಟ್ರೇಲರು ಸತ್ಯವನ್ನೇ ಹೇಳಿದರೂ ಪ್ರೇಕ್ಷಕನಿಗೆ ಸಲ್ಲಬೇಕಾದುದನ್ನು ಮೊದಲೇ ಕಸಿದುಕೊಳ್ಳುವುದು. ಭಯವಿಲ್ಲದ ಚಿತ್ರಕ್ಕೆ ಭಯದ ವೇಷ ತೊಡಿಸಿ ಕರೆಯುವ ಟ್ರೇಲರಾದರೋ ನಿಜವಾಗಿ ಮಾತಿಗೆ ತಪ್ಪಿದುದು.

ಇಷ್ಟಾದರೂ ದೊಡ್ಡ ಪ್ರಶ್ನೆಯೊಂದು ಉಳಿಯುವುದು. ಲೋಕದ ಭಯವು ರಸವಾಗುವುದು ಹೇಗೆಂಬುದನ್ನು ಅಭಿನವಗುಪ್ತನು ಕಾಳಿದಾಸನ ಶಾಕುಂತಲದ ಜಿಂಕೆಯ ನಿದರ್ಶನದಿಂದ ತೋರಿಸಿದನು. ರಥದ ಮುಂದೆ ಬೆದರಿ ಓಡುವ ಆ ಜಿಂಕೆಯ ಭಯವನ್ನು ಸಹೃದಯನು ತನ್ನದೆಂದೂ ಎಣಿಸನು, ಪರರದೆಂದೂ ಎಣಿಸನು. ದೇಶಕಾಲಗಳ ಕಟ್ಟಿನಿಂದ ಬಿಡುಗಡೆಯಾದ ಭಯವನ್ನೇ ಆಸ್ವಾದಿಸುವನು. ಇದಕ್ಕೆ ಮನಸ್ಸಿನ ಸಿದ್ಧತೆ ಬೇಕು. ನಾಟಕಕ್ಕೆ ಹೊರಟವನಲ್ಲಿ ಆ ಸಿದ್ಧತೆ ಉಂಟು. ಟ್ರೇಲರು ಹಾಗಲ್ಲ; ಅದು ಕರೆಯದೆ ಬರುವ ಅತಿಥಿ. ಬೇರೆ ಚಿತ್ರವನ್ನು ನೋಡಲು ತಾಯಿಯ ಪಕ್ಕದಲ್ಲಿ ಕುಳಿತ ಮಗುವಿನ ಮುಂದೆಯೂ, ಅಂಗೈಯ ಫೋನಿನಲ್ಲಿ ಇನ್ನೇನನ್ನೋ ಹುಡುಕುತ್ತಿರುವವನ ಮುಂದೆಯೂ ಅದು ಹಠಾತ್ತಾಗಿ ನಿಲ್ಲುವುದು. ಮಗುವಿಗೆ ಜಿಂಕೆಯ ಭಯವು ತನ್ನದೇ ಭಯ. ಆ ರಾತ್ರಿ ಅದು ದೀಪವಾರಿಸಲು ಬಿಡದಿದ್ದರೆ, ಟ್ರೇಲರು ಅದಕ್ಕೆ ಕೊಟ್ಟುದು ರಸವಲ್ಲ, ನೋವು.

ಅಮೆರಿಕದಲ್ಲಿ ಟ್ರೇಲರುಗಳಿಗೆ ಹಸುರು ಮತ್ತು ಕೆಂಪು ಫಲಕಗಳನ್ನು ಹಚ್ಚಿ ಭೇದ ಕಲ್ಪಿಸಿರುವುದಕ್ಕೆ ಈ ವಿವೇಕವೇ ಮೂಲ. ಆದರೆ ಫಲಕಕ್ಕಿಂತ ಮಿಗಿಲಾದ ಕಾವಲು ಕಲೆಗಾರನ ಸಂಯಮ. ವಿಚಿತ್ರವೆಂದರೆ, ಕಲೆಯು ಕೇಳುವುದೂ ಧರ್ಮವು ಕೇಳುವುದೂ ಇಲ್ಲಿ ಬಹುಮಟ್ಟಿಗೆ ಒಂದೇ. ಮುಚ್ಚಿದ ಬಾಗಿಲನ್ನು ತೋರಿಸಿ ನಿಲ್ಲಿಸಿದರೆ ಬಲ್ಲವನ ಕುತೂಹಲ ಬೆಳೆಯುವುದು; ಅರಿಯದ ಮಗುವಿಗೆ ಅದು ಬರಿಯ ಬಾಗಿಲು. ನೆತ್ತರನ್ನು ಹರಿಸಿದರೆ ಬಲ್ಲವನಿಗೆ ಇನ್ನಷ್ಟು ಬೆರಗಾದೀತು, ಮಗುವಿಗೆ ಪೆಟ್ಟಾದೀತು. ಆದಕಾರಣ ಟ್ರೇಲರಿನ ಗುಣವನ್ನು ವಿಚಾರಿಸುವವರು, ಅದು ಎಷ್ಟು ಜನರನ್ನು ಹೆದರಿಸಿತೆಂದು ಮಾತ್ರ ಕೇಳದೆ, ಹೆದರಲು ಒಪ್ಪದವರನ್ನು ಎಷ್ಟರಮಟ್ಟಿಗೆ ಸುಮ್ಮನೆ ಬಿಟ್ಟಿತೆಂದೂ ಕೇಳತಕ್ಕದ್ದು.