ಯಾರ ಕೊಳಗ, ಯಾರ ಅಂಕ?

ದೊಡ್ಡಆಲಹಳ್ಳಿಯ ನಮ್ಮ ಕೇರಿಯ ಇಬ್ಬರು ಹುಡುಗರು ಒಂದು ಸರ್ಕಾರಿ ನೌಕರಿಗೆ ಪರೀಕ್ಷೆ ಬರೆದರು. ಒಬ್ಬನಿಗೆ ಬೆಳಗಿನ ಪಾಳಿ, ಇನ್ನೊಬ್ಬನಿಗೆ ಮಾರನೆ ದಿನ ಮಧ್ಯಾಹ್ನದ ಪಾಳಿ. ಪ್ರಶ್ನೆಪತ್ರಿಕೆ ಬೇರೆ ಬೇರೆ. ಕೀ ಉತ್ತರ ಹಿಡಿದು ಎಣಿಸಿಕೊಂಡಾಗ ಮೊದಲನೆಯವನಿಗೆ 68, ಎರಡನೆಯವನಿಗೆ 61. ಫಲಿತಾಂಶ ಬಂದಾಗ 68 ಇದ್ದದ್ದು 63 ಆಗಿತ್ತು. 61 ಇದ್ದದ್ದು 66. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತು ಮೊದಲನೆಯವನು, "ನಂದನ್ನ ಕಿತ್ತು ಅವನಿಗೆ ಕೊಟ್ಟವ್ರೆ ಕಣ್ಲಾ" ಅಂದ. ಎರಡನೆಯವನು ತಲೆ ತಗ್ಗಿಸಿದ. ಒಂದೇ ತಟ್ಟೆಯಲ್ಲಿ ಉಂಡವರು ಈಗ ಮಾತಾಡೋದಿಲ್ಲ.

ಜಗಳ ಬಿಡಿಸಲು ಹೋದ ನಮಗೆ ಎದುರಾದ ಪ್ರಶ್ನೆ ಇದು: ಅಂಕ ಯಾರದು?

ಇದಕ್ಕೆ ನಾರ್ಮಲೈಸೇಷನ್ ಅಂತ ಹೆಸರು. ಲಕ್ಷಾಂತರ ಜನರನ್ನು ಒಂದೇ ದಿನ ಕಂಪ್ಯೂಟರ್ ಮುಂದೆ ಕೂರಿಸಲಾಗದು. 2019ರಲ್ಲಿ ರೈಲ್ವೆ ಎನ್‌ಟಿಪಿಸಿಯ ಸುಮಾರು 35,000 ಹುದ್ದೆಗಳಿಗೆ ಸುಮಾರು ಒಂದೂಕಾಲು ಕೋಟಿ ಅರ್ಜಿ ಬಂದವು. ಮೊದಲ ಹಂತದ ಪರೀಕ್ಷೆ 2020ರ ಡಿಸೆಂಬರ್‌ನಿಂದ 2021ರ ಜುಲೈವರೆಗೆ 133 ಪಾಳಿಗಳಲ್ಲಿ ನಡೆಯಿತು. ಇಷ್ಟು ಪತ್ರಿಕೆಗಳು ಒಂದೇ ತೂಕದವು ಎಂದು ಯಾರಾದರೂ ಎದೆ ಮುಟ್ಟಿಕೊಂಡು ಹೇಳಲಾದೀತೆ? ಆದ್ದರಿಂದ ಎಷ್ಟು ಅಂಕ ತೆಗೆದೆ ಎನ್ನುವುದಕ್ಕಿಂತ, ನಿನ್ನ ಪಾಳಿಯಲ್ಲಿ ಎಷ್ಟು ಜನರಿಗಿಂತ ಮುಂದಿದ್ದೀಯ ಎಂದು ನೋಡುತ್ತಾರೆ. ಲೆಕ್ಕದ ವಿವರ ಪರೀಕ್ಷೆಯಿಂದ ಪರೀಕ್ಷೆಗೆ ಬೇರೆ, ಹೂರಣ ಇಷ್ಟೇ.

ನಮ್ಮಜ್ಜಿ ಗೌಡರ ಕಣದಲ್ಲಿ ಕೂಲಿರಾಗಿ ಅಳೆಸಿಕೊಂಡು ಬಂದು, ಗುಡಿಸಲಲ್ಲಿ ತನ್ನ ಸೇರಿನಿಂದ ಮತ್ತೆ ಅಳೆಯುತ್ತಿದ್ದಳು. ಯಾವತ್ತೂ ಕಡಿಮೆಯೇ. ಕೊಡುವಾಗ ಒಂದು ಕೊಳಗ, ಈಸಿಕೊಳ್ಳುವಾಗ ಇನ್ನೊಂದು ಕೊಳಗ. ಓದುಬರಹ ಬಾರದ ಆಕೆಗೆ ಒಂದು ಗೊತ್ತಿತ್ತು: ಕೊಳಗ ನೋಡದೆ ಕಾಳಿನ ಲೆಕ್ಕ ನಂಬಬಾರದು. ಬೇರೆ ಬೇರೆ ಕೊಳಗದ ರಾಗಿಯನ್ನು ಒಂದು ಅಳತೆಗೆ ತರುವುದೇ ನಾರ್ಮಲೈಸೇಷನ್.

ಗೆಳೆಯರೇ, ಇಲ್ಲಿ ಸರ್ಕಾರವೇ ಒಂದು ಸತ್ಯ ಒಪ್ಪಿಕೊಂಡಿದೆ. ಅಂಕವೆಂಬುದು ಬರೀ ಬುದ್ಧಿಯ ಫಲವಲ್ಲ, ಎದುರಿಗೆ ಬಂದ ಕಷ್ಟವನ್ನೂ ಸೇರಿಸಿ ಓದಬೇಕಾದ ಲೆಕ್ಕ. ಸರಿ. ಹಾಗಾದರೆ ಒಂದೂವರೆ ಗಂಟೆಯ ಪತ್ರಿಕೆಯ ಕಷ್ಟಕ್ಕೆ ಸೂತ್ರ ಇರುವಾಗ, ತಲೆತಲಾಂತರದ ಕಷ್ಟದ ಮಾತು ಬಂದೊಡನೆ "ಪ್ರತಿಭೆಗೆ ಅನ್ಯಾಯ" ಎಂಬ ಕೂಗು ಯಾಕೆ ಏಳುತ್ತದೆ? ಪಾಳಿಗೆ ಅಂಕ ಸರಿಪಡಿಸಿದರೆ ಅದು ವಿಜ್ಞಾನ, ಕೇರಿಯಿಂದ ಬಂದವನಿಗೆ ಬಾಗಿಲು ತೆರೆದರೆ ಅದು ಭಿಕ್ಷೆಯೋ? ಮೀಸಲಾತಿ ಅಧಿಕಾರದಲ್ಲಿ ನಮ್ಮ ಪಾಲು. ಅದು ಅಂಕಕ್ಕೆ ಕೊಟ್ಟ ಪರಿಹಾರ ಮಾತ್ರವಲ್ಲ ಎಂಬುದು ನಿಜ. ಆದರೂ ಒಂದೇ ತಕ್ಕಡಿ ಒಂದು ಕಡೆ ನ್ಯಾಯ, ಇನ್ನೊಂದು ಕಡೆ ಅನ್ಯಾಯ ಆಗುವುದು ಹೇಗೆ?

ಈ ಕೂಗು ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ದಾರಿ ಹುಡುಕಲು ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆ ಕೆಡುತ್ತದೆಂಬುದು ದಿವಾನ ವಿಶ್ವೇಶ್ವರಯ್ಯನವರ ಆತಂಕ. ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು. ನೂರು ವರ್ಷ ದಾಟಿದರೂ ಆ ಮಾತು ಸವೆದಿಲ್ಲ.

ಪಾಳಿ ಒಂದೇ ಆದರೆ ಎಲ್ಲ ಸಮ ಎಂದೂ ಅಲ್ಲ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಎಲ್ಲರಿಗೂ ಒಂದೇ ಪತ್ರಿಕೆ. ಆದರೆ ಕನ್ನಡ ಅನುವಾದದ ತುಂಬ ತಪ್ಪು. ಸರ್ಕಾರವೇ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ದೂರು. ಇಂಗ್ಲಿಷ್ ಬಲ್ಲವನು ಪಕ್ಕದ ಸಾಲು ನೋಡಿ ಬಚಾವಾದ. ಕನ್ನಡವನ್ನೇ ನಂಬಿದ ಹಳ್ಳಿಯ ಹುಡುಗಿ ತಪ್ಪು ವಾಕ್ಯದ ಮುಂದೆ ತನ್ನ ಬುದ್ಧಿಯನ್ನೇ ಅನುಮಾನಿಸಿದಳು. ಆ ಅನುಮಾನವನ್ನು ಸರಿದೂಗಿಸುವ ಸೂತ್ರ ಯಾವುದು?

ಈಗ ನಮ್ಮ ಎದೆಯನ್ನೂ ನಾವು ಮುಟ್ಟಿ ನೋಡಿಕೊಳ್ಳಬೇಕು. "ನಂದನ್ನ ಕಿತ್ತು ಅವನಿಗೆ ಕೊಟ್ಟರು" ಎಂಬ ಮಾತನ್ನು ಕಾಲೇಜಿನ ಹಾಸ್ಟೆಲಿನಲ್ಲಿ ನಾವು ಬೇರೆ ಬಾಯಿಂದ ಕೇಳಿ ಉರಿದಿದ್ದೆವು. ಇವತ್ತು ಅದೇ ಮಾತು ನಮ್ಮವನ ಬಾಯಲ್ಲಿ. ಅವನ 68 ಸುಳ್ಳಲ್ಲ. ರಾತ್ರಿಯೆಲ್ಲ ಓದಿದ್ದು ಸುಳ್ಳಲ್ಲ. ಆದರೆ ಸುಲಭದ ಪತ್ರಿಕೆ ಅವನ ಬೆವರಿನಿಂದ ಬಂದದ್ದಲ್ಲ. ಬೆವರು ನಮ್ಮದು, ಅದೃಷ್ಟ ನಮ್ಮದಲ್ಲ ಎಂದು ಒಪ್ಪಿಕೊಳ್ಳುವುದು ಕಷ್ಟ. ಅಗ್ರಹಾರದವರಿಂದ ನಾವು ಕೇಳುತ್ತ ಬಂದಿರುವುದೂ ಈ ಕಷ್ಟದ ಒಪ್ಪಿಗೆಯನ್ನೇ.

ಹಾಗೆಂದು ಸೂತ್ರಕ್ಕೆ ಅಡ್ಡಬೀಳಬೇಕಿಲ್ಲ. ಪ್ರತಿ ಪಾಳಿಯಲ್ಲೂ ಜಾಣರು, ಸಾಧಾರಣದವರು ಒಂದೇ ಪ್ರಮಾಣದಲ್ಲಿ ಇರುತ್ತಾರೆಂದು ಅದು ನಂಬಿಕೊಂಡಿದೆ. ಚೀಟಿ ಎತ್ತಿದಂತೆ ಜನರನ್ನು ಹಂಚಿದ್ದರೆ, ಪಾಳಿ ದೊಡ್ಡದಿದ್ದರೆ ಆ ನಂಬಿಕೆ ನಿಲ್ಲುತ್ತದೆ, ಇಲ್ಲದಿದ್ದರೆ ಕುಸಿಯುತ್ತದೆ. 2024ರ ನವೆಂಬರ್‌ನಲ್ಲಿ ಪ್ರಯಾಗ್‌ರಾಜ್‌ನ ಉತ್ತರ ಪ್ರದೇಶ ಲೋಕಸೇವಾ ಆಯೋಗದ ಎದುರು ಅಭ್ಯರ್ಥಿಗಳು ಇದನ್ನೇ ಹಿಡಿದು ಕೂತರು. ನಾಲ್ಕನೆ ದಿನ ಆಯೋಗ ಪಿಸಿಎಸ್ ಪೂರ್ವಭಾವಿ ಪರೀಕ್ಷೆಯನ್ನು ಒಂದೇ ದಿನ ನಡೆಸಲು ಒಪ್ಪಿತು. ಕೇಳಿದರೆ ಸಿಗುತ್ತದೆ.

ನಾವೂ ಕೇಳೋಣ. ಒಂದೇ ದಿನ ಆಗುವ ಕಡೆ ಒಂದೇ ದಿನ ನಡೆಸಿ. ಆಗದ ಕಡೆ ಮೂಲ ಅಂಕ, ಪಾಳಿಯ ಸರಾಸರಿ, ಸೂತ್ರ, ಮೂರನ್ನೂ ಪ್ರತಿಯೊಬ್ಬನ ಕೈಗೆ, ಅವನ ಭಾಷೆಯಲ್ಲಿ ಕೊಡಿ. ನಮ್ಮ ಆ ಇಬ್ಬರು ಹುಡುಗರು ಎದುರುಬದುರು ಕೂತು, ಐದು ಅಂಕ ಎಲ್ಲಿಂದ ಹೋಯಿತು, ಎಲ್ಲಿಂದ ಬಂತು ಎಂದು ತಾವೇ ಲೆಕ್ಕ ಹಾಕುವಂತಿರಬೇಕು. ಅಜ್ಜಿಗೆ ಮನೆಯಲ್ಲಿ ಅವಳದೇ ಸೇರಾದರೂ ಇತ್ತು. ಬಿ.ಎ. ಮಾಡಿದ ನಮ್ಮ ಕೈಯಲ್ಲಿ ಅದೂ ಇಲ್ಲ.